ಐವತ್ತು ದಾಟಿದ ರಾಕ್ ಬ್ಯಾಂಡಿಗೆ ಒಂದು ಪತ್ತನಾಜೆ

ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ತುಳುವರ ಬೇಶ ತಿಂಗಳ ಹತ್ತು, ಅಂದರೆ ಮೇ 24–25ರ ಹೊತ್ತು. ಆಮೇಲೆ ದೀಪಾವಳಿಯ ಆಸುಪಾಸಿನವರೆಗೆ ತಿರುಗಾಟವಿಲ್ಲ. ಚೆಂಡೆ ಮದ್ದಳೆಗೆ ಹೊಸ ಮುಚ್ಚಿಗೆ, ವೇಷಗಳ ರಿಪೇರಿ, ಮೈಗೆ ವಿಶ್ರಾಂತಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಕಾಸರಗೋಡಿನಲ್ಲಿ ಗಿಟಾರು, ಡ್ರಮ್ಸು ಹಿಡಿದು ಮೂವತ್ತು ವರ್ಷ ಕಳೆದವರಿಗೆ ಇಂಥ ಕಟ್ಟುಪಾಡು ಯಾವುದೂ ಇಲ್ಲ. ಯಾವ ಕಂಪನಿಯೂ ಕೈಹಿಡಿಯದ ಬ್ಯಾಂಡಿಗೆ ಮ್ಯಾನೇಜರ್ ಇಲ್ಲ, ಆಂಪ್ (ಗಿಟಾರಿನ ಸದ್ದು ಏರಿಸುವ ಪೆಟ್ಟಿಗೆ) ಎತ್ತಲು ಹುಡುಗರಿಲ್ಲ, ‘ಈ ವರ್ಷಕ್ಕೆ ಇಷ್ಟು ಸಾಕು’ ಅನ್ನುವವರೂ ಇಲ್ಲ. ಅದನ್ನೆಲ್ಲ ನೀವೇ ನೋಡಿಕೊಳ್ಳಬೇಕು. ಹಾಗಾಗಿ ಪತ್ತನಾಜೆಯನ್ನು ನೀವೂ ಸಾಲ ಪಡೆಯಿರಿ: ನವೆಂಬರಿನಿಂದ ಮೇವರೆಗೆ ಪೋಗ್ರಾಂ, ಮಳೆಗಾಲದಲ್ಲಿ ಕಿವಿ ಪರೀಕ್ಷೆ, ವಾದ್ಯಗಳ ಕೆಲಸ, ರೆಕಾರ್ಡಿಂಗು, ಕಾಗದಪತ್ರ.

(ಶಿಲ್ಲಾಂಗಿನ ರಾಕ್ ಹಾಡುಗಾರ ಲೂ ಮಜಾವ್ 1972ರಿಂದ ಪ್ರತಿ ಮೇ 24ಕ್ಕೆ ಬಾಬ್ ಡಿಲನ್ ಹುಟ್ಟುಹಬ್ಬದ ಸಂಗೀತ ನಡೆಸುತ್ತ ಬಂದವರು, ಎಪ್ಪತ್ತು ದಾಟಿದ ಮೇಲೂ ಬಿಡಲಿಲ್ಲ. ನಮ್ಮಲ್ಲಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಅಲ್ಲಿ ಕಟ್ಟುತ್ತಾರೆ, ಅಷ್ಟೇ ವ್ಯತ್ಯಾಸ.)

ವಯಸ್ಸಾದ ಹಾಗೆ ಏನು ಬಿಡಬೇಕು ಎಂಬ ಪ್ರಶ್ನೆಗೆ ಹೆಚ್ಚಿನವರು ತಪ್ಪು ಉತ್ತರ ಕೊಟ್ಟುಕೊಳ್ಳುತ್ತಾರೆ. ಹಾಡು ಬಿಡುತ್ತಾರೆ, ವೇಗ ಬಿಡುತ್ತಾರೆ, ಕೊನೆಗೆ ಬ್ಯಾಂಡನ್ನೇ ಬಿಡುತ್ತಾರೆ. ಮೊದಲು ಇಳಿಸಬೇಕಾದ್ದು ಸದ್ದು. ಸೊಂಟ ಮುರಿಯುವ ಸ್ಪೀಕರ್ ಕ್ಯಾಬಿನೆಟ್ಟು, ಅದನ್ನು ಹೊರಲು ಬೇಕಾಗುವ ಗಾಡಿ, ಹರಿಯುವ ಗಂಟಲು, ನೆರೆಯವರ ಫೋನು, ರಾತ್ರಿಯಿಡೀ ‘ಗುಂಯ್’ ಅನ್ನುವ ಕಿವಿ, ಇವೆಲ್ಲ ಸದ್ದಿನ ಬೆನ್ನಿಗೇ ಬರುವವು. ಸದ್ದು ಇಳಿದರೆ ಅರ್ಧ ತೊಂದರೆ ತಾನಾಗಿ ಇಳಿಯುತ್ತದೆ.

ಸದ್ದಿನ ಲೆಕ್ಕ

85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಆಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ತಾರಸಿಯ ಮೇಲಿನ ಶೀಟಿನ ಮಾಡಿನ ಕೆಳಗೆ, ಡ್ರಮ್ಸಿನ ದೊಡ್ಡ ತಾಳದ ತಟ್ಟೆಗೆ (ಕ್ರ್ಯಾಶ್ ಸಿಂಬಲ್) ಐದಡಿ ದೂರದಲ್ಲಿ ನಿಂತವನಿಗೆ 100 ದಾಟುವುದು ಮಾಮೂಲು. ಅಂದರೆ ಮೂರನೆಯ ಹಾಡಿಗೇ ಆ ದಿನದ ಪಡಿ ಮುಗಿಯಿತು. ಉಳಿದ ಎರಡು ಗಂಟೆ ಸಾಲ.

ಫೋನಿನಲ್ಲಿ ಸದ್ದಿನ ಮೀಟರ್ ಆಪ್ ಹಾಕಿ. ಅದರ ಸೆಟ್ಟಿಂಗಿನಲ್ಲಿ ‘ಎ’ ವೇಟಿಂಗ್, ‘ಸ್ಲೋ’ ಇಟ್ಟು, ಫೋನನ್ನು ಕಿವಿಯ ಪಕ್ಕ ಹಿಡಿದು ಒಂದು ಪೂರ್ತಿ ಹಾಡಿನ ಸರಾಸರಿ ನೋಡಿ. ಹಾರಿ ಬಿದ್ದ ದೊಡ್ಡ ಸಂಖ್ಯೆ ಬೇಡ, ಸರಾಸರಿ ಬೇಕು. ಫೋನಿನ ಮೈಕು ನಾಲ್ಕೈದು ಡೆಸಿಬೆಲ್ ಆಚೀಚೆ ಹೇಳಬಹುದು. ಪರವಾಗಿಲ್ಲ, ಇಂದಿಗೂ ಮುಂದಿನ ವಾರಕ್ಕೂ ಹೋಲಿಸಲು ಸಾಕು. ಪ್ರಾಕ್ಟೀಸಿಗೆ 90–92 ಗುರಿ ಇಟ್ಟುಕೊಳ್ಳಿ.

ಇಳಿಸುವುದಕ್ಕೆ ಒಂದು ಕ್ರಮವಿದೆ, ತಲೆಕೆಳಗಾದರೆ ಕೆಲಸ ಮಾಡುವುದಿಲ್ಲ. ಕೋಣೆಯ ಸದ್ದನ್ನು ನಿರ್ಧರಿಸುವವನು ಡ್ರಮ್ಮರ್. ಅವನು ಇಳಿಸದೆ ಗಿಟಾರಿನವನ ಮೇಲೆ ಕೂಗಿದರೆ ಹತ್ತು ನಿಮಿಷದಲ್ಲಿ ಎಲ್ಲ ಮೊದಲಿನಂತೆ. ದಪ್ಪನೆಯ 5ಬಿ ಕಡ್ಡಿ ಬಿಟ್ಟು ತೆಳುವಾದ 7ಎ ಹಿಡಿಯಲಿ, ಅದೂ ಜೋರಾದರೆ ಸಣ್ಣ ಕಡ್ಡಿಗಳ ಕಟ್ಟಿನ ರಾಡ್ಸ್. ದಪ್ಪ ಸಿಂಬಲ್ ಬದಲು ತೆಳುವಾದದ್ದು. ಸ್ನೇರ್ ಡ್ರಮ್ಮಿನ ಮೇಲೆ ಮಡಚಿದ ಕೈವಸ್ತ್ರಕ್ಕೆ ಟೇಪು. ಆಮೇಲೆ ಬೇಸ್, ಆಮೇಲೆ ಗಿಟಾರ್, ಕೊನೆಗೆ ಹಾಡು. ಹಾಡುವವನ ಕಡೆಗೆ ಇಟ್ಟ ಸ್ಪೀಕರನ್ನು (ಮಾನಿಟರ್) ಮೊದಲೇ ಏರಿಸಿದರೆ ಫೀಡ್‌ಬ್ಯಾಕ್ ಕೂಗುತ್ತದೆ, ಹಾಡುವವನೂ ಕೂಗುತ್ತಾನೆ.

ಗಿಟಾರಿನವರು ಜೋರಾಗಿ ಇಡುವುದಕ್ಕೆ ಒಂದು ಸರಳ ಕಾರಣವಿದೆ. ಆಂಪ್ ನೆಲದಲ್ಲಿ, ಸ್ಪೀಕರಿನ ಮುಖ ಮೊಣಕಾಲಿಗೆ. ಮೊಣಕಾಲಿಗೆ ಕಿವಿಯಿಲ್ಲವಲ್ಲ! ಒಂದೇ 12 ಇಂಚಿನ ಸ್ಪೀಕರಿನ ಆಂಪನ್ನು ಸೋಡಾ ಬಾಟಲಿಯ ಕ್ರೇಟಿನ ಮೇಲಿಟ್ಟು, ಮುಖ ಸ್ವಲ್ಪ ಮೇಲಕ್ಕೆ, ಕಿವಿಯ ಕಡೆಗೆ ವಾಲಿಸಿ. ತನ್ನ ಗಿಟಾರು ತನಗೇ ಚುಚ್ಚಿ ಕೇಳಿದ ಕೂಡಲೇ ಕೈ ತಾನಾಗಿ ವಾಲ್ಯೂಮಿಗೆ ಹೋಗಿ ಇಳಿಸುತ್ತದೆ. 100 ವ್ಯಾಟಿನ ಆಂಪ್ ತಲೆ (ಸ್ಪೀಕರ್ ಇಲ್ಲದ ಆಂಪ್) ಮಾರಿ 50 ವ್ಯಾಟಿನದು ತಂದರೆ ಸದ್ದು ಅರ್ಧವಾಗುತ್ತದೆ ಅಂದುಕೊಳ್ಳಬೇಡಿ, ಇಳಿಯುವುದು ಬರೀ 3 ಡೆಸಿಬೆಲ್. ಕಿವಿಗೆ ಅರ್ಧ ಅನಿಸಬೇಕಾದರೆ ಹತ್ತನೇ ಒಂದು, ಅಂದರೆ 10 ವ್ಯಾಟು ಬೇಕು. ಮನೆಗೂ ಸಣ್ಣ ಹಾಲಿಗೂ ಐದರಿಂದ ಹದಿನೈದು ವ್ಯಾಟಿನ ಟ್ಯೂಬ್ ಆಂಪ್ ಧಾರಾಳ.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ಚಾಳಿ ಇನ್ನೂ ಹೋಗಿಲ್ಲ. ಅದು ಹೊರಗೆ ಹೋಗುವ ಸದ್ದನ್ನು ತಡೆಯುವುದಿಲ್ಲ. ಒಳಗಿನ ಪ್ರತಿಧ್ವನಿಯನ್ನು ತುಸು ಕಡಿಮೆ ಮಾಡಬಹುದು, ಅದಕ್ಕಿಂತ ಹೆಚ್ಚಾಗಿ ಜಿರಳೆ ಸಾಕುತ್ತದೆ. ಡ್ರಮ್ಮಿನ ಹಿಂದಿನ ಮೂಲೆಗೆ ಎರಡು ಹಳೆಯ ಹತ್ತಿ ಹಾಸಿಗೆ ನಿಲ್ಲಿಸಿ, ಸಿಂಬಲ್ಲಿನ ಹರಿತ ಕಡಿಮೆಯಾಗುತ್ತದೆ. ಬೇಸಿನ ಗುಡುಗನ್ನು ಹಾಸಿಗೆ ಹಿಡಿಯುವುದಿಲ್ಲ. ಶೀಟಿನ ಮೇಲೆ ಮಳೆ ಹೊಡೆಯುವಾಗಂತೂ ಪ್ರಾಕ್ಟೀಸೇ ಬೇಡ. ಮಳೆಯ ಮೇಲೆ ಕೇಳಬೇಕೆಂದು ಎಲ್ಲರೂ ಏರಿಸುತ್ತಾರೆ, ಮಳೆ ನಿಂತರೂ ಇಳಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆಕ್ಟ್ರಾನಿಕ್ ಡ್ರಮ್ಸು, ಆಂಪಿನ ಸದ್ದನ್ನು ಅನುಕರಿಸುವ ಮಾಡೆಲರ್, ಸಣ್ಣ ಮಿಕ್ಸರ್, ಎಲ್ಲರಿಗೂ ಹೆಡ್‌ಫೋನು. ಒಂದೇ ತೊಂದರೆ, ಕಾಲಿನಿಂದ ಒತ್ತುವ ಕಿಕ್ ಪೆಡಲಿನ ಧಡ್ ಧಡ್ ತಾರಸಿಯ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ. ಅದಕ್ಕೆ 18 ಮಿಲಿಮೀಟರ್ ಪ್ಲೈವುಡ್ ಎರಡು ಹಲಗೆ, ನಡುವೆ ಟೆನ್ನಿಸ್ ಚೆಂಡು. ಕೆಳಗಿನ ಹಲಗೆಯಲ್ಲಿ ಸುಮಾರು 5 ಸೆಂಟಿಮೀಟರ್ ಅಗಲದ ತೂತುಗಳು, ಮುಕ್ಕಾಲಡಿಗೊಂದು. ಚೆಂಡು ಅದರಲ್ಲಿ ಕೂರಬೇಕು, ಪೂರ್ತಿ ಇಳಿದು ನೆಲ ಮುಟ್ಟಬಾರದು. ಮೇಲೆ ಎರಡನೆಯ ಹಲಗೆ, ಅದರ ಮೇಲೆ ನಾರಿನ ಚಾಪೆ, ಅದರ ಮೇಲೆ ಡ್ರಮ್ಸು. ಹಲಗೆ ಗೋಡೆಗೆ ತಾಗಿದರೆ ಮಾಡಿದ್ದೆಲ್ಲ ವ್ಯರ್ಥ, ನಾಲ್ಕೂ ಕಡೆ ಎರಡು ಬೆರಳು ಜಾಗ ಬಿಡಿ.

ಕಿವಿ

ಔಷಧದಂಗಡಿಯ ಹಳದಿ ಸ್ಪಂಜಿನ ಪ್ಲಗ್ ಹಾಕಿದ ಬ್ಯಾಂಡಿನವರು ಎರಡನೇ ಹಾಡಿಗೆ ಕಿತ್ತು ಜೇಬಿಗೆ ಹಾಕುತ್ತಾರೆ. ತಪ್ಪು ಅವರದ್ದಲ್ಲ. ಸ್ಪಂಜು ತಾರದ ಸದ್ದನ್ನು ಜಾಸ್ತಿ ತಿನ್ನುತ್ತದೆ, ಎಲ್ಲವೂ ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ. ಸಂಗೀತದವರಿಗೆಂದೇ ಫಿಲ್ಟರ್ ಇರುವ ಪ್ಲಗ್ ಬರುತ್ತದೆ. ಅದು ತಾರ, ಮಂದ್ರ ಎರಡನ್ನೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇಳಿಸುತ್ತದೆ. ಇನ್ನೂ ಒಳ್ಳೆಯದು ಬೇಕಾದರೆ ಆಡಿಯಾಲಜಿಸ್ಟ್ ಹತ್ತಿರ ಕಿವಿಯ ಅಚ್ಚು ತೆಗೆಸಿ ಮಾಡಿಸುವುದು: 9, 15, 25 ಡೆಸಿಬೆಲ್ ಫಿಲ್ಟರ್ ಬದಲಾಯಿಸಿ ಹಾಕಬಹುದು. ಹಾಡುವವರಿಗೆ 9, ಗಿಟಾರ್ ಬೇಸಿಗೆ 15, ಡ್ರಮ್ಮರಿಗೆ 25. 100 ಡೆಸಿಬೆಲ್‌ನಲ್ಲಿ 15ರ ಪ್ಲಗ್ ಸರಿಯಾಗಿ ಕೂತರೆ ಕಿವಿಗೆ ತಲಪುವುದು 85. ಕಾಲು ಗಂಟೆಯ ಜಾಗದಲ್ಲಿ ಎಂಟು ಗಂಟೆ! ಸರಿಯಾಗಿ ಕೂರದಿದ್ದರೆ ಈ ಲೆಕ್ಕವೆಲ್ಲ ಸುಳ್ಳು. ಪ್ಲಗ್ ಹಾಕಿ ‘ಮ್ಮ್’ ಎಂದು ಗುನುಗಿ ನೋಡಿ, ಸದ್ದು ಎರಡೂ ಕಿವಿಯಲ್ಲಿ ಸಮವಾಗಿ ತುಂಬಿ ಬಂದರೆ ಕೂತಿದೆ.

ಪ್ಲಗ್ ಹಾಕಿ ಹಾಡುವವರಿಗೆ ತಮ್ಮ ದನಿ ತಲೆಯೊಳಗೇ ಮೊಳಗಿದಂತಾಗಿ ಮೊದಮೊದಲು ಶ್ರುತಿ ತಪ್ಪುತ್ತದೆ. ವೇದಿಕೆಯಲ್ಲಿ ನೇರವಾಗಿ ಪ್ರಯೋಗ ಬೇಡ, ಒಂದು ತಿಂಗಳು ಪ್ರಾಕ್ಟೀಸಿನಲ್ಲಿ ರೂಢಿಯಾಗಲಿ.

ಕರಾವಳಿಯ ತೇವಕ್ಕೆ ಕಿವಿಯಲ್ಲಿ ಬೂಸ್ಟು ಹಿಡಿಯುವುದು ಆಟಿ ತಿಂಗಳ (ಜುಲೈ–ಆಗಸ್ಟ್) ಮಾಮೂಲು ಕಾಯಿಲೆ, ಪ್ಲಗ್ ಹಾಕುವವರಿಗೆ ಇನ್ನೂ ಹೆಚ್ಚು. ಫಿಲ್ಟರ್ ತೆಗೆದು ಸೋಪಿನ ನೀರಿನಲ್ಲಿ ತೊಳೆದು, ಫ್ಯಾನಿನ ಗಾಳಿಗೆ ಪೂರ್ತಿ ಒಣಗಿಸಿ ಡಬ್ಬಿಗೆ ಹಾಕಿ. ಕಿವಿ ತುರಿಸಿದರೆ ತೆಂಗಿನೆಣ್ಣೆ ಬಿಸಿ ಮಾಡಿ ಬಿಡುವ ಮನೆಮದ್ದು ಬೇಡ. ಒದ್ದೆಯಾದ ಜಾಗದಲ್ಲಿ ಎಣ್ಣೆ ಬಿದ್ದರೆ ಕಸ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಇಎನ್‌ಟಿ ವೈದ್ಯರು ಎರಡು ನಿಮಿಷದಲ್ಲಿ ಶುಚಿ ಮಾಡಿಕೊಡುತ್ತಾರೆ.

ಜೂನ್‌ನಲ್ಲಿ ವರ್ಷಕ್ಕೊಮ್ಮೆ ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತದೆಂದು ಗೆರೆಯಲ್ಲಿ ತೋರಿಸುವ ಪರೀಕ್ಷೆ) ಮಾಡಿಸಿ. ಹೋಗುವ ಮೊದಲು ಎರಡು ದಿನ ಯಾವ ಸದ್ದೂ ಬೇಡ, ಇಲ್ಲದಿದ್ದರೆ ಹಿಂದಿನ ದಿನದ ಆಯಾಸವೂ ಲೆಕ್ಕಕ್ಕೆ ಸೇರುತ್ತದೆ. ಗೆರೆ 4000 ಹರ್ಟ್ಸ್ ಆಸುಪಾಸಿನಲ್ಲಿ ಗುಂಡಿ ಬಿದ್ದು 8000ಕ್ಕೆ ಮತ್ತೆ ಏರಿದರೆ ಅದು ಸದ್ದಿನ ಪೆಟ್ಟು. 8000ದ ಕಡೆಗೆ ಇಳಿಜಾರಾಗಿ ಹೋದರೆ ಹೆಚ್ಚಿನ ಪಾಲು ವಯಸ್ಸಿನದ್ದು. ಎರಡೂ ಬೆರೆತಿರುವುದೇ ಹೆಚ್ಚು. ತಾರ ಕೇಳದವನು ತನಗೆ ತಿಳಿಯದೆ ಟ್ರೆಬಲ್ ಏರಿಸುತ್ತ ಹೋಗುತ್ತಾನೆ, ಎದುರು ಕೂತವರ ಹಲ್ಲು ಜುಮ್ಮೆನ್ನುತ್ತದೆ. ನಿಮ್ಮ ಟ್ರೆಬಲ್ ಎಲ್ಲಿರಬೇಕೆಂದು ಬ್ಯಾಂಡಿನ ಅತ್ಯಂತ ಕಿರಿಯನನ್ನು ಕೇಳಿ, ಅವನು ಹೇಳಿದ ಜಾಗಕ್ಕೆ ಗುಬುಟಿನ ಪಕ್ಕ ಬಿಳಿ ಗೆರೆ ಎಳೆದಿಡಿ. ಮಾನಾಪಮಾನದ ಮಾತೇ ಇಲ್ಲ, ಕನ್ನಡಕ ಹಾಕಿದಷ್ಟೇ. ಶ್ರವಣ ಸಾಧನ ಬೇಕಾದವರು ‘ಮ್ಯೂಸಿಕ್ ಪ್ರೋಗ್ರಾಂ’ ಬೇರೆಯಾಗಿ ಹಾಕಿಸಿಕೊಳ್ಳಿ. ಮಾತಿಗೆಂದು ಹೊಂದಿಸಿದ್ದು ಗಿಟಾರಿನ ಉದ್ದ ಸ್ವರವನ್ನು ಗಲಾಟೆ ಎಂದೋ ಫೀಡ್‌ಬ್ಯಾಕ್ ಎಂದೋ ತಿಳಿದು ಕತ್ತರಿಸುತ್ತದೆ.

ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ‘ಶೀತ ಇರಬೇಕು’ ಎಂದು ಕೂರಬೇಡಿ. ಅದೇ ದಿನ, ತಪ್ಪಿದರೆ ಮರುದಿನ ಇಎನ್‌ಟಿ. ಅದಕ್ಕೆ ಕೊಡುವ ಸ್ಟೀರಾಯ್ಡ್ ಬೇಗ ಶುರುವಾದಷ್ಟೂ ಒಳ್ಳೆಯದು.

ಕೈ ಮತ್ತು ತಂತಿ

ತಂತಿಯ ಉದ್ದ 25.5 ಇಂಚಿರುವ ಗಿಟಾರಿಗೆ 10–46 ದಪ್ಪದ ತಂತಿ ಸೆಟ್ ಹಾಕಿ ಮಾಮೂಲು ಶ್ರುತಿಗೆ ಏರಿಸಿದರೆ ಆರೂ ತಂತಿಯ ಎಳೆತ ಒಟ್ಟು ಸುಮಾರು 47 ಕಿಲೋ. 9–42 ಹಾಕಿದರೆ 38–39. ಅಕ್ಕಿಯ ಒಂದು ಸಣ್ಣ ಚೀಲದಷ್ಟು ಭಾರ ಹೋಯಿತು. ಸೆಟ್ ಬದಲಾಯಿಸದೆ ಶ್ರುತಿಯನ್ನು ಅರ್ಧ ಸ್ವರ ಇಳಿಸಿದರೂ ಎಳೆತ ನೂರಕ್ಕೆ ಹನ್ನೊಂದರಷ್ಟು ಕಡಿಮೆಯಾಗುತ್ತದೆ, ಹಾಡುವವನ ಗಂಟಲಿಗೂ ಅದೇ ಹೊತ್ತಿಗೆ ಉಪಕಾರ. ಎರಡನ್ನೂ ಒಟ್ಟಿಗೆ ಮಾಡಿದರೆ ತಂತಿ ಸಡಿಲಾಗಿ ಪಟಪಟ ಎನ್ನುತ್ತದೆ. ಒಂದನ್ನು ಆರಿಸಿ.

ತೆಳು ಸೆಟ್ ಹಾಕಿದ ಮರುದಿನವೇ ‘ಬಝ್ ಬರ್ತದೆ, ಟೆನ್ನೇ ಒಳ್ಳೆದು’ ಎಂದು ವಾಪಸು ಹೋಗುವವರು ಬಹಳ. ತಂತಿಯ ಎಳೆತ ಇಳಿದಾಗ ಗಿಟಾರಿನ ಕತ್ತು (ನೆಕ್) ನೇರವಾಗುತ್ತದೆ, ಕೆಲವೊಮ್ಮೆ ಹಿಂದಕ್ಕೇ ಬಾಗುತ್ತದೆ, ಬಝ್ ಬರುವುದು ಅದಕ್ಕೆ. ದಪ್ಪನೆಯ ಆರನೇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ (ಕತ್ತಿನ ಅಡ್ಡ ಲೋಹದ ಪಟ್ಟಿ) ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ಏಳು–ಎಂಟನೇ ಫ್ರೆಟ್ ಮೇಲಿನ ಸಂದು ನೋಡಿ. 0.2 ಮಿಲಿಮೀಟರಿನ ಆಸುಪಾಸು ಇರಬೇಕು. ವಿಸಿಟಿಂಗ್ ಕಾರ್ಡು ಸಲೀಸಾಗಿ ನುಗ್ಗಿದರೆ ಹೆಚ್ಚಾಯಿತು, ಮಡಚಿದ ಕಾಗದವೂ ಹೋಗದಿದ್ದರೆ ಕಡಿಮೆಯಾಯಿತು. ಕಡಿಮೆಯಾಗಿದ್ದರೆ ಕತ್ತಿನೊಳಗಿನ ಕಬ್ಬಿಣದ ಸರಳನ್ನು (ಟ್ರಸ್ ರಾಡ್) ಎಡಕ್ಕೆ ಕಾಲು ಸುತ್ತು ಸಡಿಲಿಸಿ ಬಿಟ್ಟುಬಿಡಿ. ಮರ ನಿಧಾನ. ಬೇಸಗೆಯಲ್ಲಿ ಒಂದು ರಾತ್ರಿ, ಮಳೆಗಾಲದಲ್ಲಿ ಎರಡು ದಿನ ಕಾದು ಮತ್ತೆ ಅಳೆಯಿರಿ. ಒಂದೇ ಸಲಕ್ಕೆ ಒಂದು ಸುತ್ತು ತಿರುಗಿಸಿದವರು ಆಮೇಲೆ ರಿಪೇರಿಯವರನ್ನು ಹುಡುಕಿಕೊಂಡು ಮಂಗಳೂರಿಗೆ ಹೋಗಬೇಕಾಗುತ್ತದೆ. ತೇಲುವ ಟ್ರೆಮೊಲೊ ಬ್ರಿಡ್ಜ್ ಇದ್ದರೆ ಅದು ಹಿಂದಕ್ಕೆ ಕೂತಿರುತ್ತದೆ, ಹಿಂಬದಿಯ ಸ್ಪ್ರಿಂಗಿನ ಎರಡೂ ಸ್ಕ್ರೂ ಅರ್ಧರ್ಧ ಸುತ್ತು ಬಿಡಿ. ಕೊನೆಗೆ ಹನ್ನೆರಡನೇ ಫ್ರೆಟ್‌ನಲ್ಲಿ ಬೆರಳು ಬರೀ ತಾಗಿಸಿ ತೆಗೆದ ಹಾರ್ಮೋನಿಕ್ಕಿಗೂ ಒತ್ತಿದ ಸ್ವರಕ್ಕೂ ಹೋಲಿಸಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ (ಬ್ರಿಡ್ಜಿನಲ್ಲಿ ತಂತಿ ಕೂರುವ ತುಂಡು) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ನೋವಿನ ಜಾಗ ನೋಡಿದರೆ ಕಾರಣ ಸುಮಾರಾಗಿ ತಿಳಿಯುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು ಎಚ್ಚರವಾಗುವುದು ಮಣಿಕಟ್ಟಿನ ನರ ಒತ್ತಿದ ಲಕ್ಷಣ. ಕಿರುಬೆರಳ ಕಡೆ ಜೋಮಾದರೆ ಮೊಣಕೈ ನೋಡಿಸಬೇಕು. ಬೆರಳು ಮಡಚಿ ‘ಟಕ್’ ಎಂದು ಸಿಕ್ಕಿಬಿದ್ದರೆ ಟ್ರಿಗರ್ ಫಿಂಗರ್. ಸಕ್ಕರೆ ಕಾಯಿಲೆಯವರಲ್ಲಿ ಇದೂ ಭುಜ ಬಿಗಿಯುವುದೂ ಹೆಚ್ಚು, ಹಾಗಾಗಿ ಸಕ್ಕರೆಯನ್ನೂ ಪರೀಕ್ಷಿಸಿ. ಹೆಬ್ಬೆರಳ ಬುಡದ ಸಂದು ನೋವು ಒಂದೇ ಬೆರಳನ್ನು ಎಲ್ಲ ತಂತಿಗೂ ಅಡ್ಡ ಒತ್ತಿ ಬಾರ್ ಕಾರ್ಡ್ ಹಿಡಿಯುವವರ ಸಂಗಾತಿ. ರಾಕ್ ಬ್ಯಾಂಡಿನಲ್ಲಿ ಬೇಸ್ ಇರುವಾಗ ಗಿಟಾರಿನವನು ಆರೂ ತಂತಿ ಒತ್ತಬೇಕಾಗಿಯೇ ಇಲ್ಲ. ತೆಳುವಾದ ಮೂರು ತಂತಿಯಲ್ಲಿ ಮೂರು ಸ್ವರದ ಕಾರ್ಡ್ ಹಿಡಿದರೆ ಹಾಡು ಇನ್ನೂ ಸ್ವಚ್ಛವಾಗಿ ಕೇಳುತ್ತದೆ. ಪವರ್ ಕಾರ್ಡಿನ ಹಾಡುಗಳಿಗೆ ಆರನೇ ತಂತಿಯನ್ನು ಡಿಗೆ ಇಳಿಸಿ, ಒಂದೇ ಬೆರಳಿನಲ್ಲಿ ಮುಗಿಯುತ್ತದೆ. ಬೇಸಿನವರು 34 ಇಂಚು ಬಿಟ್ಟು 30 ಇಂಚಿನ ಶಾರ್ಟ್ ಸ್ಕೇಲ್ ಹಿಡಿದು ನೋಡಲಿ, ಮೊದಲ ನಾಲ್ಕು ಫ್ರೆಟ್‌ಗೆ ಕೈ ಚಾಚುವ ಕಷ್ಟ ಕಡಿಮೆ.

ವೇದಿಕೆಗೆ ಹತ್ತುವ ಮೊದಲು ಹತ್ತು ನಿಮಿಷ ಬೆಚ್ಚಗಿನ ನೀರಲ್ಲಿ ಕೈ ಇಟ್ಟು, ಆಮೇಲೆ ನಿಧಾನದ ಸ್ವರ. ವಾರಕ್ಕೆ ಒಂದೇ ದಿನ ಮೂರು ಗಂಟೆ ನುಡಿಸುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಲೇಸು. ಭಾನುವಾರ ಮಾತ್ರ ಗಿಟಾರ್ ಮುಟ್ಟುವವರ ಕೈಯೇ ಮೊದಲು ಹಾಳಾಗುವುದು.

ಹೊರೆ

ನಾಲ್ಕು ಸ್ಪೀಕರಿನ ಕ್ಯಾಬಿನೆಟ್ 35–40 ಕಿಲೋ, ಅದರ ಮೇಲಿನ 100 ವ್ಯಾಟಿನ ತಲೆ ಇನ್ನೊಂದು ಇಪ್ಪತ್ತು. ಎರಡನ್ನೂ ಮಾರಿ. ಎರಡು ಮೂರು ಕಿಲೋದ ಮಾಡೆಲರ್, ಗಿಟಾರನ್ನು ನೇರ ಮಿಕ್ಸರಿಗೆ ಸೇರಿಸುವ ಒಂದು ಡಿಐ ಬಾಕ್ಸ್, ಸ್ವಂತದ ಎರಡು ಎಕ್ಸ್‌ಎಲ್‌ಆರ್ (ಮೈಕಿನ) ಕೇಬಲ್ ಭುಜದ ಚೀಲದಲ್ಲಿ ಹಾಕಿಕೊಂಡು ಕುಂಬಳೆಯಲ್ಲಿ ರೈಲು ಹತ್ತಬಹುದು. ಹಳ್ಳಿಯ ಸೌಂಡಿನವರ ಮಿಕ್ಸರಿನಲ್ಲಿ ಖಾಲಿ ಚಾನೆಲ್ ಕಡಿಮೆ ಇರುತ್ತದೆ, ಸ್ಟೀರಿಯೋ ಕೇಳಬೇಡಿ, ಮೋನೋ ಒಂದೇ ಕೊಡಿ. ಗಿಟಾರೇ ನಾಲ್ಕೂವರೆ ಕಿಲೋ ಇದ್ದರೆ ಮೂರೂವರೆಯದ್ದು ಹುಡುಕಿ, ಪಟ್ಟಿ ಮೂರ್ನಾಲ್ಕು ಇಂಚು ಅಗಲದ್ದಿರಲಿ. ಡ್ರಮ್ಮರಿನ ಸ್ಟೂಲು ಸೊಂಟ ಮಂಡಿಗಿಂತ ತುಸು ಮೇಲಿರುವ ಎತ್ತರಕ್ಕೆ. ಹಾಡಿನ ಪಟ್ಟಿ 28 ಪಾಯಿಂಟ್ ಅಕ್ಷರದಲ್ಲಿ ಪ್ರಿಂಟಾಗಲಿ, ಕನ್ನಡಕ ಹುಡುಕುವ ಕೆಲಸ ತಪ್ಪುತ್ತದೆ.

ಗಂಟಲು, ಮತ್ತು ಭಾಗವತರಿಂದ ಕಲಿಯುವುದು

ಯಕ್ಷಗಾನದ ಆಟದಲ್ಲಿ ಹಾಡುವ ಮುಖ್ಯ ಭಾಗವತರು ಮೊದಲಿಗೇ ಬಂದು ಕೂರುವುದಿಲ್ಲ. ಪೂರ್ವರಂಗಕ್ಕೆ ಕಲಿಯುವ ಹುಡುಗರು, ಪ್ರಸಂಗ ಬಿಸಿಯಾದ ಮೇಲೆ ಹಿರಿಯರು. ಕುಂಬಳೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಬ್ಯಾಂಡಿನಲ್ಲಿ ಮಾತ್ರ ಅರುವತ್ತರ ಹಾಡುಗಾರ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಒಬ್ಬನೇ ಕಿರುಚಬೇಕೆಂಬ ಹಟ ಯಾಕೆ? ಎರಡನೇ ಹಾಡುಗಾರ ಒಬ್ಬ ಬೇಕು, ಅವನಿಗೆ ಮೂವತ್ತರೊಳಗಾದರೆ ಒಳ್ಳೆಯದು. ಮೂರು ಗಂಟೆಯ ಪೋಗ್ರಾಂ ಒಪ್ಪದೆ 45 ನಿಮಿಷದ ಎರಡು ಭಾಗ, ನಡುವೆ ಇಪ್ಪತ್ತು ನಿಮಿಷ. ಏರುಸ್ವರದ ಹಾಡು ಮೂರು, ನಾಲ್ಕನೆಯದಾಗಿ ಬರಲಿ. ಮೊದಲಿಗೆ ಗಂಟಲು ತಣ್ಣಗಿರುತ್ತದೆ, ಕೊನೆಗೆ ದಣಿದಿರುತ್ತದೆ.

ಹಾಡು ಮೂಲ ಶ್ರುತಿಯಲ್ಲೇ ಇರಬೇಕೆಂದು ಎಲ್ಲಿಯೂ ಬರೆದಿಲ್ಲ. ಎರಡು ಮನೆ ಇಳಿಸಿ. ಆದರೆ ಗಿಟಾರಿನ ತೆರೆದ ತಂತಿಯ ಮೇಲೆ ನಿಂತ ರಿಫ್ (ಮತ್ತೆ ಮತ್ತೆ ಬರುವ ತುಣುಕು) ಇದ್ದರೆ ಕಾರ್ಡ್ ಬದಲಾಯಿಸಿ ಇಳಿಸಲಾಗುವುದಿಲ್ಲ, ಗಿಟಾರನ್ನೇ ಇಳಿಸಬೇಕು. ಅದಕ್ಕೆಂದು ಎರಡನೇ ಗಿಟಾರ್ ತರುವ ಬದಲು ಇಡೀ ಸಂಜೆ ಇಳಿಸಿದ ಶ್ರುತಿಯಲ್ಲೇ ಇದ್ದು, ಬೇಕಾದ ಹಾಡಿಗೆ ಕೇಪೋ (ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್ಪು) ಹಾಕಿ.

ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ಉಂಡು ಮಲಗಿದರೆ ಹುಳಿ ಗಂಟಲಿಗೆ ಬಂದು ಬೆಳಿಗ್ಗೆ ದನಿ ಒಡೆದಿರುತ್ತದೆ. ಶೀತದ ಮಾತ್ರೆ ಗಂಟಲು ಒಣಗಿಸುತ್ತದೆ, ಪೋಗ್ರಾಂ ದಿನ ಬೇಡ. ದನಿ ಮೂರು ವಾರಕ್ಕಿಂತ ಹೆಚ್ಚು ಒಡೆದೇ ಇದ್ದರೆ, ಅದರಲ್ಲೂ ಬೀಡಿ ಸಿಗರೇಟಿನವರು, ಗಂಟಲಿಗೆ ಕ್ಯಾಮೆರಾ ಹಾಕಿ ನೋಡಿಸಿಕೊಳ್ಳಿ.

ತೇವ, ಗುಡುಗು, ಶಾಕ್

ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ, ಮೇಲಿಂದ ಸಮುದ್ರದ ಉಪ್ಪುಗಾಳಿ. ಅಕೂಸ್ಟಿಕ್ ಗಿಟಾರಿಗೆ ಬೇಕಾದ ತೇವಾಂಶ ಶೇಕಡ 45ರಿಂದ 55, ಜುಲೈಯಲ್ಲಿ ಕೋಣೆಯೊಳಗೆ ಅದು 80 ದಾಟಿರುತ್ತದೆ. ಮೇಲ್ಹಲಗೆ ಉಬ್ಬಿ ಬ್ರಿಡ್ಜ್ ಏರುತ್ತದೆ, ತಂತಿ ಫ್ರೆಟ್‌ನಿಂದ ದೂರವಾಗುತ್ತದೆ, ನೊಂದ ಬೆರಳಿಗೆ ಇನ್ನಷ್ಟು ಕೆಲಸ. ಅದನ್ನು ನೋಡಿ ಸ್ಯಾಡಲ್ ಉಜ್ಜಿ ತಗ್ಗಿಸಬೇಡಿ. ಡಿಸೆಂಬರಿಗೆ ಹಲಗೆ ತಾನಾಗಿ ಇಳಿಯುತ್ತದೆ, ಆಗ ಎಲ್ಲ ಬಝ್.

ಗಟ್ಟಿ ಕೇಸು, ಒಳಗೆ 200 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಬಟ್ಟೆಯ ಬ್ಯಾಗಿನಲ್ಲಿ ಜೆಲ್ ಹಾಕಿ ಪ್ರಯೋಜನವಿಲ್ಲ, ಇಡೀ ಊರಿನ ತೇವ ಎಳೆಯುತ್ತ ಎರಡೇ ದಿನದಲ್ಲಿ ಸೋಲುತ್ತದೆ. ಕಿತ್ತಳೆ ಬಣ್ಣದ್ದು ತನ್ನಿ, ತೇವ ಕುಡಿದು ಹಸಿರಾದಾಗ ಬೇರೆಯೇ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ಕಿತ್ತಳೆಯಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅಡಿಗೆಮನೆಗೆ ಬೇಡ. ಕಪಾಟಿನಲ್ಲಿ ಬಲ್ಬು ಹಚ್ಚಿಡುವ ಹಳೆಯ ಉಪಾಯ ಈಗಲೂ ನಡೆಯುತ್ತದೆ, ಆದರೆ ಎಲ್ಇಡಿ ಹಾಕಿ ‘ಬೂಸ್ಟು ಹೋಗಲಿಲ್ಲ’ ಅನ್ನಬೇಡಿ. ಅದರಲ್ಲಿ ಬಿಸಿಯೇ ಇಲ್ಲ. ಒಳಗೆ ತಂತಿ ಉರಿಯುವ 15 ವ್ಯಾಟಿನ ಹಳೆಯ ಥರದ ಬಲ್ಬು ಬೇಕು, ಕೇಸಿಗೂ ಬಟ್ಟೆಗೂ ಒಂದಡಿ ದೂರ. ಗರಗರ ಎನ್ನುವ ಗುಬುಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುಗಿಸಿ. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಧೂಳು ಅಂಟಿ ಮುಂದಿನ ವರ್ಷ ಗುಬುಟೇ ಹೋಗುತ್ತದೆ. ಟ್ಯೂಬ್ ಆಂಪನ್ನು ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಹಚ್ಚಿಡಿ. ಹಚ್ಚುವ ಮೊದಲು ಪ್ಲಗ್ ತೆಗೆದು, ಹಿಂದಿನಿಂದ ಟಾರ್ಚು ಬಿಟ್ಟು ನೋಡಿ: ಹಲ್ಲಿ, ಇರುವೆಗೂಡು ಎರಡೂ ಸಿಗುವುದುಂಟು. ಏಪ್ರಿಲ್–ಮೇ ಮತ್ತು ತುಲಾ ಮಾಸದ (ಅಕ್ಟೋಬರ್–ನವೆಂಬರ್) ಸಂಜೆಯ ಗುಡುಗಿಗೆ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಇಂಟರ್‌ನೆಟ್ ಕೇಬಲ್ಲೂ ಸೇರಿ.

ಇನ್ನು ಶಾಕ್. ಬಯಲಿನ ಪೋಗ್ರಾಮಿನಲ್ಲಿ ಬಾಡಿಗೆ ಜನರೇಟರು, ಒದ್ದೆ ನೆಲ, ಅರ್ತ್ ಇಲ್ಲದ ಬೋರ್ಡು. ಗಿಟಾರಿನ ತಂತಿ ಹಿಡಿದವನ ತುಟಿ ಮೈಕಿಗೆ ತಾಗಿದಾಗ ಚುರ್ ಎನ್ನುವುದನ್ನು ಇಪ್ಪತ್ತೈದರಲ್ಲಿ ನಕ್ಕು ಮರೆಯಬಹುದು, ಹೃದಯಕ್ಕೆ ಸ್ಟೆಂಟೋ ಪೇಸ್‌ಮೇಕರೋ ಕೂತ ಮೇಲೆ ಆಗುವುದಿಲ್ಲ. ಮಲ್ಟಿಮೀಟರನ್ನು ಎಸಿ ವೋಲ್ಟೇಜಿಗೆ, ದೊಡ್ಡ ರೇಂಜಿಗೆ ಇಡಿ. ಮೀಟರಿನ ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ. ಒಂದೆರಡು ವೋಲ್ಟ್ ತೋರಿಸಿದರೆ ಸರಿ. 100–115ರ ಆಸುಪಾಸು ತೋರಿಸಿದರೆ ಎರಡರಲ್ಲಿ ಒಂದು ಕಡೆ ಅರ್ತ್ ಇಲ್ಲವೆಂದು ಅರ್ಥ. ಅಡಾಪ್ಟರಿನ ಫಿಲ್ಟರಿನಿಂದ ಸೋರಿದ ಅರ್ಧ ವೋಲ್ಟೇಜು ಅದು. ಅದರ ಹಿಂದೆ ಜುಮ್ಮೆನ್ನುವಷ್ಟೇ ಕರೆಂಟಿದೆಯೋ ಕೊಲ್ಲುವಷ್ಟಿದೆಯೋ ವೇದಿಕೆಯಲ್ಲಿ ನಿಂತು ಹೇಳಲಾಗುವುದಿಲ್ಲ. 230ರ ಕಡೆಗೆ ಹೋದರೆ ಏನನ್ನೂ ಮುಟ್ಟದೆ ಕೆಳಗಿಳಿಯಿರಿ. ಸೌಂಡಿನವರ ಮಿಕ್ಸರಿಗೂ ನಿಮ್ಮ ಸಾಮಾನಿಗೂ ಒಂದೇ ಬೋರ್ಡಿನಿಂದ ಕರೆಂಟು ತೆಗೆಯಿರಿ, ಜನರೇಟರಿಗೆ ನೆಲದಲ್ಲಿ ಪೈಪು ಹೊಡೆದು ಅರ್ತ್ ಕೊಡಿಸಿ. ಹಮ್ ಬರುತ್ತದೆಂದು ಮೂರನೇ ಪಿನ್ ಕತ್ತರಿಸುವವರನ್ನು ಹತ್ತಿರ ಸೇರಿಸಬೇಡಿ. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರಿಸುವ ಸ್ವಿಚ್ಚು) ಇರುವ ಸ್ವಂತ ಎಕ್ಸ್‌ಟೆನ್ಶನ್ ಬೋರ್ಡು ಯಾವಾಗಲೂ ಗಾಡಿಯಲ್ಲಿರಲಿ. ಆದರೆ ಜನರೇಟರಿನ ನ್ಯೂಟ್ರಲ್ ಭೂಮಿಗೆ ಸೇರಿರದಿದ್ದರೆ ಅದನ್ನು ನಂಬುವಂತಿಲ್ಲ. ಗಿಟಾರಿಗೆ ವಯರ್‌ಲೆಸ್ ಹಾಕಿದರೆ ಆ ದಾರಿಯೇ ಕಡಿದುಹೋಗುತ್ತದೆ, ಮೈಕಿಗೆ ಸ್ಪಂಜಿನ ಟೊಪ್ಪಿ ಹಾಕಿದರೆ ತುಟಿ ಉಳಿಯುತ್ತದೆ.

ಹಣ, ಕಾಗದ

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. 2000ದ ಶಬ್ದ ಮಾಲಿನ್ಯ ನಿಯಮ ಅದು, ಜನವಸತಿಯಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45. ಮೈಕಿನ ಪರ್ಮಿಶನ್ ತೆಗೆಯುವುದು ಕರೆದವರ ಕೆಲಸ, ಆದರೆ ಅದರ ಫೋಟೋ ನಿಮ್ಮ ಫೋನಿನಲ್ಲಿರಲಿ. ಒಪ್ಪಂದ ವಾಟ್ಸಾಪಿನ ಒಂದೇ ಮೆಸೇಜಾದರೂ ಸಾಕು: ತಾರೀಕು, ಏರುವ ಗಂಟೆ, ಇಳಿಯುವ ಗಂಟೆ, ಮೊತ್ತ, ಮುಂಗಡ, ಊಟ, ವಾಪಸು ಗಾಡಿ, ಮಳೆ ಬಂದರೆ ಏನು. ಕೊನೆಯದನ್ನೇ ಎಲ್ಲರೂ ಮರೆಯುವುದು. ರೆಸಾರ್ಟು, ಕಂಪನಿಗಳು ಶೇಕಡ 10 ಟಿಡಿಎಸ್ ಹಿಡಿದರೆ ಬಿಟ್ಟುಬಿಡಬೇಡಿ. ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಹಾಕಿದಾಗ ವಾಪಸು ಬರುತ್ತದೆ.

ಸ್ಟ್ರೀಮಿಂಗಿನ ಮೇಲೆ ಆಸೆ ಬೇಡ. ಸ್ಪಾಟಿಫೈಯಲ್ಲಿ 2024ರಿಂದ ಒಂದು ಹಾಡು ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಸಲ ಕೇಳಿಸದಿದ್ದರೆ ಒಂದು ಪೈಸೆಯೂ ಇಲ್ಲ. ಹಾಡು ಹಾಕುವುದು ಹುಡುಕಿದವರಿಗೆ ಸಿಗಲಿ ಎಂದು. ಯಾರಾದರೂ ನಿಮ್ಮ ಹಳೆಯ ಹಾಡನ್ನು ಸಿನೆಮಾಕ್ಕೋ ಜಾಹೀರಾತಿಗೋ ಕೇಳಿದರೆ ಬರಹದಲ್ಲಿ ಅವಧಿ, ಪ್ರದೇಶ ಹಾಕಿಸಿ. ಹಾಕದಿದ್ದರೆ ಕಾಪಿರೈಟ್ ಕಾನೂನು ಐದು ವರ್ಷ, ಭಾರತದೊಳಗೆ ಎಂದು ಓದಿಕೊಳ್ಳುತ್ತದೆ. ‘ಎಂದೆಂದಿಗೂ, ಎಲ್ಲೆಡೆಗೂ’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ಪೆನ್ಶನ್ನಿಗೆ ಅಟಲ್ ಯೋಜನೆ 40 ದಾಟಿದವರಿಗಿಲ್ಲ, ರಾಷ್ಟ್ರೀಯ ಪಿಂಚಣಿ ಯೋಜನೆ (ಎನ್‌ಪಿಎಸ್) ಇದೆ. ಕೇರಳದ ಸಾಂಸ್ಕೃತಿಕ ಪ್ರವರ್ತಕ ಕ್ಷೇಮನಿಧಿಗೆ 60ರ ಮೊದಲೇ ಸೇರಬೇಕು. ಮಲಯಾಳಂ ಓದಲು ಬಾರದವರು ಅರ್ಜಿಯನ್ನು ಸರಕಾರಿ ಅರ್ಜಿಗಳನ್ನು ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಓದಿಸಿ ತುಂಬಿಸಿ. ಕಲಾವಿದನೆಂದು ತೋರಿಸಲು ಹಳೆಯ ಆಮಂತ್ರಣ, ಪೋಸ್ಟರು, ಪೇಪರಿನ ತುಂಡು ಒಂದು ಫೈಲಿನಲ್ಲಿ ಇಟ್ಟಿರಿ.

ಹಳೆಯ ಟೇಪು

ತೊಂಬತ್ತರ ದಶಕದ ಡೆಮೋ ಕ್ಯಾಸೆಟ್ಟು ಮೇಲಟ್ಟದಲ್ಲಿ ಇದ್ದೇ ಇರುತ್ತದೆ. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದಾಗ ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು ಕಂಡರೆ ಹಾಕಬೇಡಿ, ಟೇಪೂ ಹರಿಯುತ್ತದೆ, ಡೆಕ್ಕಿನ ಹೆಡ್ಡಿಗೂ ಮೆತ್ತುತ್ತದೆ. ಎರಡು ವಾರ ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ಒಣಗಲಿ. ಆಮೇಲೆ ಕೈಯಿಂದ ಪೆನ್ಸಿಲು ತಿರುಗಿಸಿ ಸಡಿಲಿಸಿ, ಬೂಸ್ಟನ್ನು ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮೂಗಿಗೆ ಮಾಸ್ಕ್ ಹಾಕಿಕೊಂಡು. ಒಂದೇ ಸಲ ನುಡಿಸಲು ಸಿಗುತ್ತದೆ ಅಂದುಕೊಂಡೇ ರೆಕಾರ್ಡಿಗೆ ಕೂತುಕೊಳ್ಳಿ: ಮೊದಲು ಬೇರೆ ಕ್ಯಾಸೆಟ್ಟಿನಲ್ಲಿ ಲೆವೆಲ್ ಸರಿ ಮಾಡಿ, 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲಿಗೆ. ಪ್ರತಿ ಸಲ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ.

ಕಂಪ್ಯೂಟರಿನಲ್ಲಿ ಮಾಡಿದ ರೆಕಾರ್ಡಿಂಗುಗಳಿಗೆ ಬೂಸ್ಟು ಇಲ್ಲ, ಆದರೆ ಹತ್ತು ವರ್ಷದ ಪ್ರಾಜೆಕ್ಟ್ ಫೈಲ್ ತೆರೆದರೆ ಅರ್ಧ ಪ್ಲಗಿನ್ (ಸದ್ದು ತಿದ್ದುವ ಸಣ್ಣ ಸಾಫ್ಟ್‌ವೇರು) ಸಿಗುವುದಿಲ್ಲ. ಹಾಡು ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ 0:00ದಿಂದ ಶುರುವಾಗುವ ಹಾಗೆ ಬೇರೆ ಬೇರೆ ವೇವ್ ತೆಗೆದಿಡಿ, ಯಾವ ಸಾಫ್ಟ್‌ವೇರಿನಲ್ಲಿ ಹಾಕಿದರೂ ಸಾಲಾಗಿ ಕೂರುತ್ತವೆ. ಮೂರು ಪ್ರತಿ ಇರಲಿ: ಮನೆಯ ಡಿಸ್ಕು, ಬೇರೆ ಊರಿನಲ್ಲಿರುವ ಸದಸ್ಯನ ಡಿಸ್ಕು, ಒಂದು ಕ್ಲೌಡು. ಪ್ರತಿ ಹಾಡಿನ ಜೊತೆ ಒಂದು ಸಣ್ಣ ಬರಹ: ಸಾಹಿತ್ಯ ಯಾರದ್ದು, ರಾಗ ಯಾರದ್ದು, ಯಾರಿಗೆ ಎಷ್ಟು ಪಾಲು, ಎಲ್ಲರ ಸಹಿ. ಇದನ್ನು ಎಲ್ಲರೂ ಬದುಕಿರುವಾಗಲೇ ಮಾಡಬೇಕು. ಹಾಡು ಬರೆದವರು ತೀರಿದ ಮೇಲೂ ಅದರ ಹಕ್ಕು 60 ವರ್ಷ ಇರುತ್ತದೆ. ಜೊತೆಗೂಡಿ ಬರೆದಿದ್ದರೆ ಕೊನೆಯವರು ತೀರಿದಲ್ಲಿಂದ 60. ಮಕ್ಕಳಿಗೆ ಬರುವ ಆಸ್ತಿ ಅದು, ಅಡಕೆ ತೋಟದ ಹಾಗೆಯೇ ಕಾಗದ ಬೇಕು.

ವಾದ್ಯಗಳದ್ದೂ ಒಂದು ಪಟ್ಟಿ ಬರೆದು ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿ: ಹೆಸರು, ಸೀರಿಯಲ್ ನಂಬರು, ಈಗ ಸಿಗಬಹುದಾದ ಬೆಲೆ, ಮಾರುವುದಾದರೆ ಯಾರನ್ನು ಕೇಳಬೇಕು. ಮನೆಯವರಿಗೆ ಎಂಬತ್ತು ಸಾವಿರದ ಆಂಪೂ ಎಂಟುನೂರರ ಸ್ಪೀಕರ್ ಡಬ್ಬವೂ ನೋಡಲು ಒಂದೇ ಥರ, ಗುಜರಿಯವನಿಗೂ ಹಾಗೆಯೇ. ಬೆಲೆಯನ್ನು ಪ್ರತಿ ಪತ್ತನಾಜೆಗೆ ತಿದ್ದಿ, ಪೆನ್ಸಿಲಿನಲ್ಲಿ.